ಬುಕ್ಕರಾಯನ ತೀರ್ಪು ಮತ್ತು ನಮ್ಮ ಬಾಡಿಗೆ ಮನೆಗಳು

ಸಂತೆಬಾಚಹಳ್ಳಿಯವರಾದ ನಮಗೆ ಶ್ರವಣಬೆಳಗೊಳ ದೂರದ ಕ್ಷೇತ್ರವಲ್ಲ. ಅಲ್ಲಿನ ಕ್ರಿ.ಶ. 1368ರ ಬುಕ್ಕರಾಯನ ಶಾಸನವನ್ನು ನಾವು ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಗಿತ್ತು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯತಕ್ಕದ್ದೆಂದನು. ಮಾತಿನಲ್ಲಿಯೇ ನಿಲ್ಲಿಸಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೂಡಿಸಿ, ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಕಟ್ಟಳೆಯಾಯಿತು. ವ್ಯಾಪಾರಿಯಾದ ನನಗೆ ಶಾಸನದ ಈ ಲೆಕ್ಕವೇ ಹೆಚ್ಚು ಹಿಡಿಸುತ್ತದೆ.

ಅಂದು ನ್ಯಾಯ ಬೇಡಿದವರು ನಾವು. ಇಂದು ಬೆಂಗಳೂರು, ಮೈಸೂರುಗಳಲ್ಲಿ ನಮ್ಮವರೂ ಮನೆಯ ಮಾಲೀಕರು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿಗಳನ್ನು ಹೆಸರಿಸಿದೆ. ಬಾಡಿಗೆ ಮನೆಯನ್ನು ಹೆಸರಿಸಿಲ್ಲ. ಅಸ್ಪೃಶ್ಯತೆಯ ಕಾರಣದಿಂದ ವಾಸದ ಮನೆಗೆ ಅಡ್ಡಿಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದರೆ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಅಹಮದಾಬಾದಿನ ಗೃಹನಿರ್ಮಾಣ ಸಂಘವೊಂದರ ನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿಯಿತು. ಕಾನೂನು ಬಿಟ್ಟ ಜಾಗದಲ್ಲಿ ಉಳಿಯುವುದು ಮಾಲೀಕನ ಮನಸ್ಸಾಕ್ಷಿ.

ನನ್ನದನ್ನೇ ಹೇಳುತ್ತೇನೆ. ಮನೆ ಕೇಳಲು ಬಂದವರೊಬ್ಬರ ಹೆಸರು ಕೇಳಿದೊಡನೆ, 'ಬೇರೆಯವರು ಮುಂಗಡ ಕೊಟ್ಟಾಗಿದೆ' ಎಂದುಬಿಟ್ಟೆ. ಅಡಿಗೆಯ ಶುದ್ಧಿಗಾಗಿ ಹಾಗೆಂದೆನೆಂದು ಸಮಾಧಾನ ಹೇಳಿಕೊಂಡೆ; ಅವರ ಅಡಿಗೆಯ ವಿಚಾರವನ್ನು ಕೇಳಿಯೇ ಇರಲಿಲ್ಲ. ಅಹಿಂಸೆಯ ಹೆಸರಿನಲ್ಲಿ ಸತ್ಯಾಣುವ್ರತ ಭಂಗವಾಯಿತು. ಆ ಮನೆ ಮತ್ತೆರಡು ತಿಂಗಳು ಖಾಲಿಯೇ ಇತ್ತು.