ಮಲಬದ್ಧತೆ: ಹಿಂದಿನ ವೈದ್ಯ, ಇಂದಿನ ವಿಚಾರಣೆ

ಹರಪನಹಳ್ಳಿ ಸೀಮೆಯ ಬಾಗಳಿಯಲ್ಲಿರುವ ಕಲ್ಲೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ. ಆ ಯುಗ ಶಿಲ್ಪಕ್ಕೆ ಮಾತ್ರ ಹೆಸರಾದುದಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. ಹೇಳಿಕೊಳ್ಳಲು ಜನ ನಾಚುವ ರೋಗಗಳಿಗೆ ತಾಯ್ನುಡಿಯಲ್ಲಿ ವೈದ್ಯವಿರುವುದು ದೊಡ್ಡ ಉಪಕಾರ. ಮಲಬದ್ಧತೆ ಅಂಥ ರೋಗಗಳಲ್ಲೊಂದು.

ಈ ವಿಷಯದಲ್ಲಿ ನಮ್ಮ ಪ್ರಾಚೀನರ ತಿಳಿವು ಸಾಮಾನ್ಯವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಎಣಿಸುತ್ತದೆ. ಮಲವೇಗವನ್ನು ತಡೆದರೆ ಹೊಟ್ಟೆನೋವು, ತಲೆನೋವು, ಉಬ್ಬರ, ಮೀನಖಂಡಗಳ ಸೆಳೆತ ಉಂಟಾಗುವುವೆಂದೂ, ಅಭ್ಯಂಗ, ಸ್ವೇದ, ಬಸ್ತಿ ಮೊದಲಾದುವು ಅದಕ್ಕೆ ಉಪಾಯಗಳೆಂದೂ ಹೇಳುತ್ತದೆ. ಹರಳೆಣ್ಣೆ, ಅಳಲೆಕಾಯಿ, ಕಕ್ಕೆಕಾಯಿಯ ತಿರುಳು ಬಹುಕಾಲದಿಂದ ಮನೆಮದ್ದುಗಳಾಗಿ ನಡೆದುಬಂದಿವೆ.

ಪಶ್ಚಿಮದಲ್ಲಿ ಇದೇ ತೊಂದರೆ ದೊಡ್ಡ ಭೀತಿಯಾಗಿ ಬೆಳೆಯಿತು. ಕರುಳಿನಲ್ಲಿ ನಿಂತ ಮಲ ರಕ್ತಕ್ಕೆ ವಿಷ ಸೇರಿಸುತ್ತದೆಂದು ನಂಬಿ, ಲಂಡನ್ನಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ 20ನೆಯ ಶತಮಾನದ ಆರಂಭದಲ್ಲಿ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್, ಗುದನಾಳದಲ್ಲಿ ಹತ್ತಿಯನ್ನು ತುಂಬಿದರೂ ಅವೇ ಲಕ್ಷಣಗಳು ತೋರುತ್ತವೆಂದು ಪ್ರಕಟಿಸಿದರು. ಹತ್ತಿಯಲ್ಲಿ ವಿಷವೆಲ್ಲಿಯದು? ಒತ್ತಡವೇ ಕಾರಣವೆಂದಾಯಿತು. ಮುಂದೆ 1972ರಲ್ಲಿ ಡೆನಿಸ್ ಬರ್ಕಿಟ್ ಮತ್ತು ಸಂಗಡಿಗರು, ನಾರುಳ್ಳ ಆಹಾರ ಉಣ್ಣುವ ಆಫ್ರಿಕದ ಹಳ್ಳಿಗರಲ್ಲಿ ಮಲ ಹೆಚ್ಚಾಗಿಯೂ ಬೇಗನೆಯೂ ಸಾಗುವುದನ್ನು ತೋರಿಸಿದರು. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ಇರುವ ನಮ್ಮ ಬಯಲುಸೀಮೆಯ ಊಟವೂ ಆ ಬಗೆಯದೇ.

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುವುದು, ಗಟ್ಟಿ ಮಲ, ತಿಣುಕುವಿಕೆ ಇವು ಮಲಬದ್ಧತೆಯ ಗುರುತುಗಳು. ಇಂದು ವೈದ್ಯರು ಮೊದಲು ಊಟ, ನೀರು, ನಡಿಗೆ, ಅಭ್ಯಾಸಗಳನ್ನು ಕೇಳುತ್ತಾರೆ. ಸೇವಿಸುವ ಔಷಧಿಗಳನ್ನೂ ಕೇಳುತ್ತಾರೆ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮದ್ದು, ಕೆಲವು ರಕ್ತದೊತ್ತಡದ ಮಾತ್ರೆಗಳಿಂದಲೂ ಮಲ ಕಟ್ಟುವುದುಂಟು. ಗುದಪರೀಕ್ಷೆ ಮಾಡಿ, ಬೇಕಾದರೆ ಥೈರಾಯ್ಡ್ ಮೊದಲಾದ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ. ಎಲ್ಲರಿಗೂ ಕರುಳಿನೊಳಗೆ ದರ್ಶಕ ಇಳಿಸಿ ನೋಡಬೇಕಾಗಿಲ್ಲ.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕನಷ್ಟ, ರಕ್ತಹೀನತೆ, ಐವತ್ತರ ಬಳಿಕ ಹೊಸದಾಗಿ ಬಂದ ಬದಲಾವಣೆ ಇವನ್ನು ಮೂಲವ್ಯಾಧಿಯೆಂದೋ ಉಷ್ಣವೆಂದೋ ಹರಳೆಣ್ಣೆ ಕುಡಿದು ಮುಚ್ಚಿಡಬಾರದು. ಕರುಳಿನ ಕ್ಯಾನ್ಸರ್ ಹೀಗೆಯೇ ತಲೆದೋರಬಹುದು. ವಾಂತಿ, ತೀವ್ರ ನೋವು, ಉಬ್ಬರಗಳೊಡನೆ ವಾಯುವೂ ಹೊರಡದೆ ನಿಂತರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ವಿರೇಚನ ಕೊಡುವುದು ಅಪಾಯ. ಮಲವೇಗವನ್ನು ತಡೆಯಬಾರದೆಂದು ಹಿಂದಿನವರು ಹೇಳಿದರು. ಅದರ ಮಾತನ್ನೂ ತಡೆಯಬಾರದೆಂಬುದನ್ನು ನಾವು ಕಲಿಯಬೇಕಾಗಿದೆ.