ದೂರದ ಕಿವಿಗೆ ಮಾತು ಮುಟ್ಟಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನೆಲವನ್ನು ಬಲ್ಲವರಿಗೆ, ಇಲ್ಲಿ ಮಾತನ್ನು ದೂರಕ್ಕೆ ಮುಟ್ಟಿಸುವುದು ಎಷ್ಟು ಪ್ರಯಾಸದ ಕೆಲಸವೆಂದು ವಿವರಿಸಬೇಕಾಗಿಲ್ಲ. ಕಣಿವೆಯ ತಳದಲ್ಲಿ ಅಡಕೆಯ ತೋಟ, ತೋಟದ ಅಂಚಿಗೆ ಒಂದು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಇಂಥ ನಾಡಿನಲ್ಲಿ ಮೊಬೈಲಿನ ಗೋಪುರವೊಂದು ತನಗೆ ದೊರೆತ ಅಲ್ಪ ವಿದ್ಯುತ್ತಿನಿಂದ ಎಲ್ಲರಿಗೂ ನೆಚ್ಚುವಂತೆ ಮಾತನ್ನು ತಲಪಿಸುವುದು ಹೇಗೆ? ಪ್ರಶ್ನೆ ಹೊಸದಾಗಿ ಕಂಡರೂ ಇದರ ಹಿಂದೆ ಒಂದು ಚರಿತ್ರೆಯಿದೆ.

ಮೈಸೂರಿನಲ್ಲಿ ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆಗ ಅವರ ಯಂತ್ರದ ಶಕ್ತಿ ೩೦ ವ್ಯಾಟ್. ಹಳೆಯ ಬಗೆಯ ಸಣ್ಣ ವಿದ್ಯುದ್ದೀಪದಷ್ಟು. ಬಳಿಕ ೨೫೦ ವ್ಯಾಟಿನ ಯಂತ್ರ ಬಂದಿತು. ಧಾರವಾಡದ ಆಕಾಶವಾಣಿ ಕೇಂದ್ರ ೧೯೫೦ರ ಜನವರಿ ೮ರಂದು ಆರಂಭವಾಯಿತು. ದೂರದ ಕಿವಿಯನ್ನು ಮುಟ್ಟಲು ಬಾನುಲಿಗೆ ಮುಖ್ಯವಾದ ದಾರಿ ಒಂದೇ: ಶಕ್ತಿಯನ್ನು ಹೆಚ್ಚಿಸುವುದು. ಬಯಲಿನಲ್ಲಿಯೇ ದೂರ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗಬೇಕು. ಕಾಡುಗುಡ್ಡಗಳಲ್ಲಿ ಇನ್ನೂ ಹೆಚ್ಚು. ಹೀಗೆ ಹರಿದ ಶಕ್ತಿಯ ಬಹುಪಾಲು ಮರಕ್ಕೂ ಮುಗಿಲಿಗೂ ಸಲ್ಲುತ್ತದೆ. ಕೇಳುವವನಿಗೆ ಮಾತು ಮುಟ್ಟಿತೋ ಇಲ್ಲವೋ ಎಂಬುದನ್ನು ಆ ಯಂತ್ರ ಅರಿಯದು.

ಶಕ್ತಿಯನ್ನು ಉಳಿಸುವುದೂ ನೆಚ್ಚಿಕೆಗೆ ಒಂದು ದಾರಿ ಎಂಬ ಪಾಠ ನಮ್ಮ ನೆರೆಯ ಕಿತ್ತೂರಿನಿಂದ ಬಂದಿತು. ಸಿ-ಡಾಟ್ ಸಂಸ್ಥೆಯವರು ನಿರ್ಮಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲು ನೆಲೆಗೊಂಡುದು ೧೯೮೬ರಲ್ಲಿ, ಅಲ್ಲಿಯೇ. ಹೊರಗಿನಿಂದ ತಂದ ದೊಡ್ಡ ಕೇಂದ್ರಗಳಿಗೆ ತಂಪು ಯಂತ್ರದ ಸೇವೆ ಬೇಕಿತ್ತು; ವಿದ್ಯುತ್ತು ಹೋಗಿ ತಂಪು ನಿಂತರೆ ದೂರವಾಣಿಗೂ ಕುತ್ತು. ಕಿತ್ತೂರಿನ ಯಂತ್ರ ತಾನು ಬಳಸುವ ವಿದ್ಯುತ್ತನ್ನೇ ಕಡಿಮೆ ಮಾಡಿ, ಬಿಸಿಯಾಗುವುದನ್ನು ತಗ್ಗಿಸಿ, ತಂಪಿನ ಹಂಗಿಲ್ಲದೆ ನಡೆಯಿತು. ಮಿತವ್ಯಯವೇ ಅದರ ಗಟ್ಟಿತನವಾಯಿತು.

ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದುದು ೧೯೯೫ರ ಜುಲೈ ೩೧ರಂದು, ಕಲ್ಕತ್ತೆಗೂ ದೆಹಲಿಗೂ ನಡುವೆ. ಬಾನುಲಿಯಂತೆ ಮೊಬೈಲೂ ನಿಸ್ತಂತುವೇ. ಆದರೆ ಒಂದು ಭೇದವುಂಟು. ಇಲ್ಲಿ ಕೇಳುವವನು ಮರುನುಡಿಯುತ್ತಾನೆ. ನಮ್ಮ ಕೈಯಲ್ಲಿರುವ ಯಂತ್ರ ನಮಗೆ ತಿಳಿಯದಂತೆಯೇ ‘ನಿನ್ನ ದನಿ ಇಷ್ಟು ಸ್ಪಷ್ಟವಾಗಿದೆ’ ಎಂದು ಗೋಪುರಕ್ಕೆ ಅರುಹುತ್ತಲೇ ಇರುತ್ತದೆ. ಮೂರನೆಯ ತಲೆಮಾರಿನ ಜಾಲದಲ್ಲಿ ಇಂಥ ಸೂಚನೆಯಂತೆ ಗೋಪುರ ಸೆಕೆಂಡಿಗೆ ೧೫೦೦ ಸಲ ತನ್ನ ದನಿಯನ್ನು ಏರಿಸಿ ಇಳಿಸುತ್ತಿತ್ತು. ನಾಲ್ಕನೆಯದರಲ್ಲಿ ಉಪಾಯ ಬದಲಾಯಿತು: ದನಿಯನ್ನು ಹೆಚ್ಚಾಗಿ ಏರಿಸುವುದಿಲ್ಲ, ಮಾತಿನ ವೇಗವನ್ನು ಬದಲಿಸುತ್ತದೆ. ಹತ್ತಿರದವನೊಡನೆ ವೇಗ, ದೂರದವನೊಡನೆ ನಿಧಾನ. ಶಕ್ತಿಗೂ ವೇಗಕ್ಕೂ ಇರುವ ಈ ನಂಟನ್ನು ಅಮೆರಿಕದ ಕ್ಲಾಡ್ ಶ್ಯಾನನ್ ೧೯೪೮ರಲ್ಲಿಯೇ ಗಣಿತದಿಂದ ತೋರಿಸಿದ್ದನು. ಅವಸರ ಬಿಟ್ಟರೆ ಸಣ್ಣ ದನಿಯೂ ತಪ್ಪಿಲ್ಲದೆ ಮುಟ್ಟಬಲ್ಲದು ಎಂಬುದು ಅದರ ಸಾರ.

ತಪ್ಪಿನ ವಿಷಯದಲ್ಲಿಯೂ ಒಂದು ಲೆಕ್ಕವಿದೆ. ಪ್ರತಿ ತುಣುಕೂ ಮೊದಲ ಸಲವೇ ಸರಿಯಾಗಿ ಮುಟ್ಟಬೇಕೆಂದು ಹಟ ಹಿಡಿದರೆ ಶಕ್ತಿಯೂ ಸಮಯವೂ ಬಹಳ ವ್ಯಯವಾಗುತ್ತವೆ. ಆದುದರಿಂದ ಹತ್ತರಲ್ಲಿ ಒಂದು ತುಣುಕು ಮೊದಲ ಸಲ ಕೆಟ್ಟರೆ ಕೆಡಲಿ ಎಂದು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾರೆ. ಕೆಟ್ಟುದನ್ನು ಕೈಯಂತ್ರ ಎಸೆಯುವುದಿಲ್ಲ. ಮತ್ತೆ ಬಂದುದರೊಡನೆ ಕೂಡಿಸಿ, ಹರಕು ಓಲೆಯ ಎರಡು ಪ್ರತಿಗಳನ್ನು ಹೋಲಿಸಿ ಪಾಠ ನಿಶ್ಚಯಿಸುವ ಪಂಡಿತನಂತೆ, ಪೂರ್ಣ ಪಾಠವನ್ನು ಪಡೆಯುತ್ತದೆ.

ಇನ್ನು ಸರದಿಯ ಪ್ರಶ್ನೆ. ಗೋಪುರ ಸೆಕೆಂಡಿನ ಸಾವಿರದ ಒಂದು ಪಾಲಿಗೊಮ್ಮೆ ಈ ಕ್ಷಣ ಯಾರಿಗೆ ಎಷ್ಟು ಎಂದು ನಿರ್ಣಯಿಸುತ್ತದೆ. ನಮ್ಮ ಸೀಮೆಯ ಊಟದ ಪಂಕ್ತಿಯಲ್ಲಿ ಬಡಿಸುವವನ ಕೆಲಸದಂತೆಯೇ ಇದು. ಪಾತ್ರೆಯಲ್ಲಿರುವುದು ಮಿತ, ಎಲೆಗಳು ಹಲವು. ಶಕ್ತಿಯ ಉಳಿತಾಯವೊಂದನ್ನೇ ನೋಡಿದರೆ ಗೋಪುರದ ಬುಡದಲ್ಲಿರುವ ಪೇಟೆಯವರಿಗೇ ಬಡಿಸುತ್ತಿರುವುದು ಲಾಭ. ಕಣಿವೆಯ ಮನೆಗೆ ಅದೇ ಶಕ್ತಿಯಿಂದ ಮುಟ್ಟುವುದು ತೀರ ಸ್ವಲ್ಪ. ಎಲ್ಲರಿಗೂ ಸಮನಾಗಿ ಬಡಿಸಹೊರಟರೆ ದೂರದವರಿಗಾಗಿಯೇ ಪಾತ್ರೆ ಬರಿದಾಗುತ್ತದೆ. ಇವೆರಡರ ನಡುವೆ ರೂಢಿಗೆ ಬಂದಿರುವ ನಿಯಮವೆಂದರೆ, ಪ್ರತಿಯೊಬ್ಬನಿಗೂ ಈವರೆಗೆ ದೊರೆತುದೆಷ್ಟು, ಈಗ ದೊರೆಯಬಹುದಾದುದೆಷ್ಟು ಎಂದು ತೂಗಿ ನೋಡುವುದು. ಬಹಳ ಹೊತ್ತು ಕಾದವನ ತೂಕ ತಾನಾಗಿಯೇ ಏರಿ ಅವನ ಸರದಿ ಬರುತ್ತದೆ. ಪಂಕ್ತಿಯ ಕೊನೆಯ ಎಲೆಯೂ ಬರಿದಾಗಿ ಉಳಿಯದು.

ಆದರೆ ಗೋಪುರವೇ ಮೌನವಾದರೆ ಸರದಿಯ ಮಾತೆಲ್ಲಿ? ಆಷಾಢದಲ್ಲಿ ಮರ ಬಿದ್ದು ತಂತಿ ಹರಿದಾಗ ಗೋಪುರ ಬದುಕುವುದು ಬ್ಯಾಟರಿಯಿಂದ, ಇದ್ದರೆ ಡೀಸೆಲ್ಲಿನಿಂದ. ಅದೇ ಕಾಲದಲ್ಲಿ ನೀರುಂಡ ಎಲೆಗಳು ಅಲೆಯನ್ನು ಹೆಚ್ಚು ಹೀರುತ್ತವೆ. ಶಕ್ತಿಯ ಆದಾಯ ಕುಗ್ಗಿದಾಗಲೇ ವ್ಯಯ ಹೆಚ್ಚುವುದು. ಸಿದ್ದಾಪುರದ ಮಗ್ಗುಲಿನ ಜೋಗದಲ್ಲಿಯೂ ಯಲ್ಲಾಪುರದ ಕೊಡಸಳ್ಳಿಯಲ್ಲಿಯೂ ನಾಡಿಗೆ ಬೆಳಕು ಹುಟ್ಟುತ್ತದೆ. ಆದರೂ ಮಳೆಗಾಲದ ಇರುಳಿನಲ್ಲಿ ಇಲ್ಲಿಯ ಹಳ್ಳಿಗಳಿಗೆ ಕತ್ತಲೆ ಅಪರೂಪವಲ್ಲ. ೨೦೨೧ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ ಮನೆಗಳು ಮಣ್ಣಿನ ಪಾಲಾದುವು. ಅಂಥ ದಿನ ಒಂದು ಕರೆಯ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಹಿಂದಿನ ವರ್ಷ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡವೇರಿ ಪಾಠ ಕೇಳಿದುದೂ ಚರಿತ್ರೆಯೇ.

ಕೇಂದ್ರ ಸರ್ಕಾರ ೨೦೨೨ರ ಜುಲೈ ೨೭ರಂದು, ಜಾಲವಿಲ್ಲದ ೨೪,೬೮೦ ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಸೇವೆಯನ್ನು ಒಯ್ಯಲು ೨೬,೩೧೬ ಕೋಟಿ ರೂಪಾಯಿಗಳ ಯೋಜನೆಗೆ ಸಮ್ಮತಿಯಿತ್ತಿತು. ಗೋಪುರಗಳ ಸಂಖ್ಯೆ ಬೆಳೆಯುವುದು ಸಂತೋಷವೇ. ಆದರೆ ಮಲೆನಾಡಿನಲ್ಲಿ ಎಣಿಸಬೇಕಾದುದು ಗೋಪುರಗಳನ್ನು ಮಾತ್ರವಲ್ಲ, ವಿದ್ಯುತ್ತು ಹೋದ ಮೇಲೆ ಅವು ಮಾತಾಡುವ ಗಂಟೆಗಳನ್ನು ಕೂಡ. ಬೇಸಗೆಯ ಹಗಲಿನಲ್ಲಿ ವೇಗವಾಗಿ ಮಾತಾಡಿ ಮಳೆಯ ಇರುಳಿನಲ್ಲಿ ಮೂಕವಾಗುವ ಗೋಪುರಕ್ಕಿಂತ, ತುಸು ನಿಧಾನವಾಗಿಯಾದರೂ ಬೆಳಗಿನ ತನಕ ಮಾತಾಡುವ ಗೋಪುರ ಕಣಿವೆಯ ಮನೆಗೆ ಮೇಲು. ಕಿತ್ತೂರಿನ ಯಂತ್ರ ಕಲಿಸಿದ ಪಾಠವೂ ಇದೇ: ಇಲ್ಲಿ ಮಿತವ್ಯಯವೂ ನೆಚ್ಚಿಕೆಯೂ ಒಂದರ ಬೆನ್ನಿಗೊಂದು ನಿಲ್ಲುವ ಗುಣಗಳು.