ಮೈಸೂರಿನಲ್ಲಿ ಪ್ಲೇಗು: ಜನರ ನಂಬುಗೆಯೂ ಸರ್ಕಾರದ ಕಟ್ಟಳೆಯೂ

ಕ್ರಿ. ಶ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅದೇ ವರ್ಷ ಮೈಸೂರು ನಗರವೂ ಅದಕ್ಕೆ ಈಡಾಯಿತು. 1891ರ ಖಾನೇಷುಮಾರಿಯಲ್ಲಿ 74,048 ಇದ್ದ ನಗರದ ಜನಸಂಖ್ಯೆ 1901ರಲ್ಲಿ 68,111ಕ್ಕೆ ಇಳಿದಿತ್ತು. ಈ ಇಳಿತದಲ್ಲಿ ಸತ್ತವರ ಜೊತೆಗೆ ಊರು ಬಿಟ್ಟವರೂ ಸೇರಿದ್ದಾರೆ.

ಈ ವ್ಯಾಧಿಯ ಚರಿತ್ರೆಯನ್ನು ಹೇಳುವಾಗ ಸರ್ಕಾರವು ಶಾಸ್ತ್ರೀಯವಾದ ಉಪಾಯಗಳನ್ನು ತಂದಿತೆಂದೂ, ಜನರು ಮೂಢನಂಬಿಕೆಯಿಂದ ಅವುಗಳಿಗೆ ಅಡ್ಡಬಂದರೆಂದೂ ಹೇಳುವುದು ವಾಡಿಕೆಯಾಗಿದೆ. ಈ ಮಾತು ಅರ್ಧ ನಿಜ. ಜನರು ಎಲ್ಲ ಉಪಾಯಗಳನ್ನೂ ತಿರಸ್ಕರಿಸಲಿಲ್ಲ. ಕೆಲವನ್ನು ತಾವಾಗಿಯೇ ಕೈಕೊಂಡರು, ಕೆಲವನ್ನು ಪ್ರಾಣವನ್ನು ಒತ್ತೆಯಿಟ್ಟು ಎದುರಿಸಿದರು. ಈ ಭೇದಕ್ಕೆ ಕಾರಣವನ್ನು ಅವರ ಆಚಾರದಲ್ಲಿಯೇ ಹುಡುಕಬೇಕು.

ಪ್ಲೇಗಿಗೆ ಮುಂಚೆ ಈ ನಾಡಿಗೆ ಚಿರಪರಿಚಿತವಾಗಿದ್ದ ಮಹಾವ್ಯಾಧಿ ಸಿಡುಬು. ಅದನ್ನು ಜನರು 'ಅಮ್ಮ' ಎಂದು ಕರೆದರು. ರೋಗಿಯ ಮೈಮೇಲೆ ದೇವಿಯೇ ಬಂದಿರುವಳೆಂದು ಭಾವಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ರೋಗಿಯನ್ನು ಮನೆಯ ಒಂದು ಕಡೆ ಬೇರೆಯಾಗಿ ಮಲಗಿಸಿ, ಹೊರಗಿನವರು ಒಳಗೆ ಬಾರದಂತೆ ಮಡಿಯನ್ನು ಕಾಯುತ್ತಿದ್ದರು. ಭಾವನೆಯು ಭಕ್ತಿಯದು; ಫಲವು ಪ್ರತ್ಯೇಕವಾಸದ್ದು. ಸಿಡುಬಿಗೆ ಹೊಸ ಚಿಕಿತ್ಸೆ ಬಂದಾಗಲೂ ಈ ಭಾವನೆಯು ಅದನ್ನು ಹೊರಗೆ ನೂಕಲಿಲ್ಲ. ಹಿಂದೂಸ್ಥಾನದಲ್ಲಿ ಗೋಮೈಲಿಯ ಚುಚ್ಚುಮದ್ದು ಮೊದಲು ಹಾಕಲ್ಪಟ್ಟುದು 1802ರಲ್ಲಿ, ಮುಂಬಯಿಯಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿಯು ಬರೆದನೆನ್ನುವ ಒಂದು ಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದು, ಅವರಲ್ಲೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಇವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ತೋರಿಸುತ್ತಿರುವುದು ಚುಚ್ಚುಮದ್ದಿನ ಗುರುತಿನ ಜಾಗವನ್ನೆಂದೂ ಚರಿತ್ರಕಾರ ನೈಜೆಲ್ ಚಾನ್ಸಲರ್ ಊಹಿಸಿದ್ದಾರೆ. ಊಹೆಯು ಸರಿಯಾದರೆ, ಮೈಸೂರಿನಲ್ಲಿ ಹೊಸ ವೈದ್ಯವು ಅಂತಃಪುರದ ಬಾಗಿಲಿನಿಂದ, ಮರ್ಯಾದೆಯೊಡನೆ ಪ್ರವೇಶಿಸಿತೆಂದಾಗುತ್ತದೆ. ಜನರ ಬಾಯಲ್ಲಿ ಈ ಮದ್ದಿಗೆ 'ದೇವಿ ಹಾಕಿಸುವುದು' ಎಂಬ ಹೆಸರು ಬಿದ್ದುದು ಇನ್ನೂ ಗಮನಾರ್ಹವಾದುದು. ಸೂಜಿಯನ್ನು ಅವರು ದೇವಿಯ ಕಡೆಗೇ ಸೇರಿಸಿಕೊಂಡರು.

ಎರಡನೆಯ ಆಚಾರ ಹೊರಬೀಡು. ಊರಿಗೆ ಮಾರಿ ಬಂದಿತೆಂದು ತೋರಿದಾಗ ಊರವರೆಲ್ಲ ಮನೆಗಳನ್ನು ಬರಿದುಮಾಡಿ, ದನಕರುಗಳೊಡನೆ ಹೊಲತೋಪುಗಳಲ್ಲಿ ಬೀಡುಬಿಟ್ಟು, ಅಲ್ಲಿಯೇ ಅಡಿಗೆ ಮಾಡಿ ಉಂಡು, ಊರನ್ನು ದೇವಿಗೆ ಬಿಟ್ಟುಕೊಡುವುದು ಕನ್ನಡನಾಡಿನ ಅನೇಕ ಕಡೆ ನಡೆದುಬಂದ ಪದ್ಧತಿ. ಆದುದರಿಂದ ಪ್ಲೇಗು ಬಂದು 'ಇಲಿ ಬಿದ್ದಿತು' ಎಂಬ ಸುದ್ದಿ ಹಬ್ಬಿದೊಡನೆ ಊರು ಬಿಟ್ಟು ಗುಡಿಸಲು ಕಟ್ಟಿಕೊಳ್ಳುವುದು ಹಳ್ಳಿಗರಿಗೆ ಹೊಸ ಪಾಠವಾಗಿರಲಿಲ್ಲ.

ಸರ್ಕಾರದ ಕ್ರಮಗಳಾದರೋ ಬೇರೆ ಬಗೆಯವು. ಆಗ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿಯೂ, ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ಇದ್ದರು. ಮುಂದೆ ದಿವಾನರಾದ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ಮನೆಗಳ ಶೋಧನೆ, ರೋಗಿಗಳನ್ನು ಕ್ಯಾಂಪುಗಳಿಗೆ ಸಾಗಿಸುವುದು, ಅವರ ಸಂಪರ್ಕವಿದ್ದವರನ್ನು ಬೇರ್ಪಡಿಸುವುದು, ಪ್ರಯಾಣಿಕರ ತಪಾಸಣೆ ಮೊದಲಾದುವು ಜಾರಿಗೆ ಬಂದವು. ಇವುಗಳಲ್ಲಿ ಪ್ರತಿಯೊಂದೂ ಸಂಸಾರದ ಒಂದೊಂದು ಮರ್ಮಸ್ಥಾನವನ್ನು ತಾಗಿತು. ಘೋಷಾ ಸ್ತ್ರೀಯರ ಮೈಯನ್ನು ಪರಪುರುಷರು ನೋಡುವುದು, ಸಾಯುವವನು ತನ್ನವರಿಲ್ಲದ ಕಡೆ ಯಾರೋ ಕೊಟ್ಟ ನೀರು ಕುಡಿಯುವುದು, ಹೆಣಕ್ಕೆ ಸಂಸ್ಕಾರವು ತಪ್ಪುವುದು—ಇವು ಹಲವರಿಗೆ ಸಾವಿಗಿಂತ ಭಯಂಕರವಾಗಿದ್ದವು. ಪುಣೆಯಲ್ಲಿ 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿಸಲು ಪ್ರೇರಣೆಯಾದುದು ಇಂಥ ಕ್ರಮಗಳ ಮೇಲಣ ರೋಷವೇ. ಮೈಸೂರಿಗೆ ಸಮೀಪದಲ್ಲಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1898ರ ನವೆಂಬರಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧವಾಗಿ ದೊಡ್ಡ ಗಲಭೆಯೆದ್ದಿತು.

ಶಾಸ್ತ್ರವೆಲ್ಲವೂ ಸರ್ಕಾರದ ಪಕ್ಷದಲ್ಲಿಯೇ ಇದ್ದಿತೆನ್ನುವುದೂ ಸಲ್ಲದು. ಯೆರ್ಸಿನನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದನು. 1898ರಲ್ಲಿ ಸೀಮಾಂಡನು ಕರಾಚಿಯಲ್ಲಿ ಪರೀಕ್ಷೆ ನಡೆಸಿ, ಇಲಿಯ ಚಿಗಟದಿಂದ ರೋಗವು ಹರಡುವುದೆಂದು ತೋರಿಸಿದನು; ಆದರೆ ಅದನ್ನು ಪಂಡಿತರು ಒಪ್ಪುವುದಕ್ಕೆ ಹಲವು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಅಧಿಕಾರಿಗಳ ಲಕ್ಷ್ಯವು ಮನುಷ್ಯರ ಮೇಲೂ ಮನೆಯ ಕೊಳೆಯ ಮೇಲೂ ಇತ್ತು. ಇಲಿ ಬಿದ್ದ ಮನೆಯನ್ನು ಬಿಟ್ಟ ಹಳ್ಳಿಗನು, ಕಾರಣವನ್ನರಿಯದೆಯೇ, ಸತ್ಯಕ್ಕೆ ಹೆಚ್ಚು ಸಮೀಪದಲ್ಲಿದ್ದನು.

ಹಾಗೆಂದು ಆಚಾರವು ಯಾವಾಗಲೂ ಕಾಪಾಡಿತೆಂದು ಭಾವಿಸಬಾರದು. ರೋಗಿಯನ್ನು ಬಚ್ಚಿಡುವುದರಿಂದಲೂ, ಭಯದಿಂದ ನಂಟರ ಊರುಗಳಿಗೆ ಓಡುವುದರಿಂದಲೂ ವ್ಯಾಧಿಯು ಹರಡಿತು. ಮಾರಿಯನ್ನು ಗಡಿ ದಾಟಿಸುವ ವಿಧಿಯಲ್ಲಿ ನೆರೆಯೂರಿನವರ ಗತಿಯೇನೆಂಬ ಚಿಂತೆಗೆ ಎಡೆಯಿಲ್ಲ. ದಿನದ ಕೂಲಿಯಿಂದ ಬದುಕುವವರಿಗೆ ಊರು ಬಿಡುವುದೂ ಸುಲಭವಾಗಿರಲಿಲ್ಲ.

ಪ್ಲೇಗು ನಗರದ ಆಕಾರವನ್ನೇ ಬದಲಾಯಿಸಿತು. 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳ ಹೊರಗೆ ಅಗಲವಾದ ಬೀದಿಗಳ ಹೊಸ ಬಡಾವಣೆಗಳು ಬೆಳೆದವು. ಗಾಳಿ ಬೆಳಕುಗಳಿರುವ ಬಯಲಿಗೆ ಹೋಗುವ ಹೊರಬೀಡು ಇಲ್ಲಿ ಶಾಶ್ವತವಾದ ರೂಪವನ್ನು ಪಡೆಯಿತೆನ್ನಬಹುದು. ಅತ್ತ ಬೆಂಗಳೂರಿನಲ್ಲಿ 'ಪ್ಲೇಗಮ್ಮ' ಗುಡಿಯನ್ನು ಪಡೆದಳು.

ಕನ್ನಡ ಸಾಹಿತ್ಯವು ಈ ನೆನಪನ್ನು ಉಳಿಸಿಕೊಂಡಿದೆ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಅಗ್ರಹಾರದವರು ಹೆಣಕ್ಕೆ ಸಂಸ್ಕಾರ ಮಾಡುವವರಾರೆಂಬ ಚರ್ಚೆಯಲ್ಲಿ ಮುಳುಗಿರುವಾಗ ಇಲಿಗಳು ಬೀಳುತ್ತಿರುತ್ತವೆ. ಭೈರಪ್ಪನವರ 'ಗೃಹಭಂಗ'ದಲ್ಲಿ (1970) ಹಳ್ಳಿಯು ಇಲಿಯ ಗುರುತನ್ನರಿತು ಊರ ಹೊರಗೆ ಹೋಗುತ್ತದೆ. ಆದರೂ ಪ್ಲೇಗು ಒಂದು ಮನೆಯನ್ನು ಮುರಿಯುತ್ತದೆ. ಆಚಾರದ ಕುರುಡನ್ನೂ, ಅದರ ವಿವೇಕವನ್ನೂ, ಆ ವಿವೇಕದ ಮಿತಿಯನ್ನೂ ಇವೆರಡನ್ನು ಒಟ್ಟಿಗೆ ಓದಿದವರು ಕಾಣಬಹುದು.

2020ರಲ್ಲಿ ಕೊರೋನ ಬಂದಾಗ ಈ ಚರಿತ್ರೆಯು ಮರುಕಳಿಸಿತು. ಆ ವರ್ಷದ ದಸರಾ ಮೆರವಣಿಗೆಯು ಅರಮನೆಯ ಆವರಣವನ್ನು ದಾಟಲಿಲ್ಲ. ಚಾಮುಂಡಿಬೆಟ್ಟದಲ್ಲಿ ಉತ್ಸವವನ್ನು ಉದ್ಘಾಟಿಸಿದವರು ವೈದ್ಯರು. ದೇವಿಯ ಪೂಜೆಯು ನಿಲ್ಲದೆ ಜನಸಂದಣಿಯು ಮಾತ್ರ ನಿಂತುದರಿಂದ ಅದನ್ನು ಜನರು ಸಹಿಸಿದರು. ಬಂಧುಗಳಿಗೆ ಮುಖವನ್ನೂ ತೋರಿಸದೆ ಹೆಣವನ್ನು ಸಾಗಿಸಿದ ಕಡೆಗಳಲ್ಲಿಯಾದರೋ 1898ರ ನೋವೇ ಮತ್ತೆ ಎದ್ದಿತು. 2021ರಲ್ಲಿ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ 'ಕೊರೋನ ಮಾರಮ್ಮ'ನೂ ನೆಲಸಿದಳು.

ಇದರಿಂದ ತಿಳಿಯಬರುವುದಿಷ್ಟು. ಜನರ ಆಚಾರದಲ್ಲಿ ತನಗೊಂದು ಸಾದೃಶ್ಯವನ್ನು ಕಂಡುಕೊಂಡ ಕಟ್ಟಳೆಯು ಬಲಾತ್ಕಾರವಿಲ್ಲದೆ ನಡೆಯಿತು. ಮರಣದ ಮರ್ಯಾದೆಯನ್ನು ಮೀರಿದ ಕಟ್ಟಳೆಯು, ಉದ್ದೇಶವು ಒಳ್ಳೆಯದಾಗಿದ್ದರೂ, ಜನರನ್ನು ಶತ್ರುಗಳನ್ನಾಗಿ ಮಾಡಿತು. ನಂಬುಗೆಯನ್ನು ತೆಗೆದುಹಾಕಬೇಕಾದ ಕಸವೆಂದು ಎಣಿಸಿದವರಿಗೆ ಅದರೊಳಗಿದ್ದ ಹೊರಬೀಡು ಕಾಣಲಿಲ್ಲ.